ತಗಡು, ಸುತ್ತಿಗೆ, ಡ್ರಿಲ್: ‘ಕೊಲ್ಲಾಪ್ಸ್’ ಆಲ್ಬಮ್

ಪಶ್ಚಿಮ ಬರ್ಲಿನ್ನಿನ ಐನ್‌ಷ್ಟುರ್ಟ್ಸೆಂಡೆ ನೊಯ್‌ಬೌಟನ್ ತಂಡದ ಮೊದಲ ಸ್ಟುಡಿಯೋ ಆಲ್ಬಮ್ ‘ಕೊಲ್ಲಾಪ್ಸ್’ 1981ರಲ್ಲಿ ಹೊರಬಂದಿತು. ತಂಡದ ಹೆಸರಿಗೆ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’ ಎಂದರ್ಥ. ಹಳೆಯ ಚಾಳುಗಳನ್ನು ಕೆಡವಿ ಗಗನಚುಂಬಿಗಳನ್ನು ಎಬ್ಬಿಸುತ್ತಿರುವ ಮುಂಬಯಿಯಲ್ಲಿ ಕುಳಿತವರಿಗೆ ಈ ಹೆಸರು ಪರಕೀಯವೆನಿಸದು. ಮಾಟುಂಗದ ನಮ್ಮ ಮನೆಯೆದುರಿನ ಕಟ್ಟಡವನ್ನು ಒಡೆಯುತ್ತಿದ್ದ ತಿಂಗಳುಗಳಲ್ಲಿಯೇ ನಾನು ಇದನ್ನು ಮತ್ತೆ ಮತ್ತೆ ಕೇಳಿದೆ.

ಇದು ಬರೀ ಗದ್ದಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತಂಡದ ಎನ್.ಯು. ಉನ್ರೂ ಹಣದ ಅಡಚಣೆಯಿಂದ ತಮ್ಮ ಡ್ರಮ್ ಸೆಟ್ ಮಾರಿ, ಗುಜರಿ ಲೋಹದಿಂದ ತಾಳವಾದ್ಯಗಳನ್ನು ಕಟ್ಟಿಕೊಂಡವರು. ಹಾಗಾಗಿ ಇಲ್ಲಿ ಒಂದೊಂದು ಲೋಹಕ್ಕೂ ಅದರದೇ ದನಿಯಿದೆ: ಅಗಲವಾದ ತಗಡಿನ ಪೆಟ್ಟು ಗುಂಯ್ ಎಂದು ಉದ್ದಕ್ಕೂ ಎಳೆದುಕೊಂಡು ಹೋದರೆ, ಅದರ ಬೆನ್ನಿಗೇ ಬರುವ ದಪ್ಪ ಕಬ್ಬಿಣದ ಏಟು ಮೊಂಡಾಗಿ ಅಲ್ಲಿಯೇ ಅಡಗುತ್ತದೆ. ರೇ ರೋಡ್ ನಿಲ್ದಾಣದ ಬಳಿಯ ದಾರುಖಾನಾದಲ್ಲಿ ಗುಜರಿ ವ್ಯಾಪಾರಿಯೊಬ್ಬರು ತುಂಡನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಆಲಿಸಿ, ಎರಕದ ಕಬ್ಬಿಣವನ್ನೂ ಉಕ್ಕನ್ನೂ ಬೇರೆ ಬೇರೆ ರಾಶಿಗೆ ಎಸೆಯುವುದನ್ನು ಕಂಡಿದ್ದೇನೆ. ಈ ಆಲ್ಬಮ್ಮಿಗೆ ಬೇಕಾದದ್ದು ಅಂಥ ಕಿವಿ.

ಆಲ್ಬಮ್ಮಿನ ‘ಷ್ಟೇ ಔಫ್ ಬರ್ಲಿನ್’ ಎಂಬ ಹಾಡು ಡ್ರಿಲ್ಲಿನ ಸದ್ದಿನಿಂದಲೇ ಆರಂಭವಾಗುತ್ತದೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ಕೇಳುವ ಸದ್ದೂ ಅದೇ. ಆದರೆ ಇಲ್ಲಿ ತಾಳದ ಪೆಟ್ಟುಗಳು ಅದನ್ನು ಹಿಡಿದು ನಿಲ್ಲಿಸುವುದರಿಂದ, ತಂಬೂರಿಯ ಶ್ರುತಿಗೆ ಕಿವಿ ಒಗ್ಗುವಂತೆ ಅದಕ್ಕೂ ಒಗ್ಗುತ್ತದೆ. ಸುಮಾರು ಎಂಟು ನಿಮಿಷದ ಶೀರ್ಷಿಕೆ ಗೀತೆಯಂತೂ ಆಲ್ಬಮ್ಮಿನ ಜೀವ. ಅದೇ ಭಾರವಾದ ಬಡಿತ ಅವಸರವಿಲ್ಲದೆ ಮರಳಿ ಬರುತ್ತಿರುತ್ತದೆ. ಅದರ ಮೇಲೆ ತಂಡದ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್ ಅವರ ದನಿ ಮೊದಲು ಗೊಣಗಿ, ಆಮೇಲೆ ಹರಿದ ಬಟ್ಟೆಯಂತೆ ಸೀಳುತ್ತದೆ. ಜರ್ಮನ್ ಬಾರದ ನನಗೂ ಆ ದಣಿವು ಅರ್ಥವಾಯಿತು.

ಕೊರತೆಯಿಲ್ಲವೆಂದಲ್ಲ. ಹದಿಮೂರು ರಚನೆಗಳಲ್ಲಿ ಹಲವು ತೀರಾ ಚಿಕ್ಕವು. ಕೆಲವೇ ಸೆಕೆಂಡುಗಳ ‘ಹೆಲ್ಗಾ’ವನ್ನು ಬಿಟ್ಟರೂ ನಷ್ಟವಿಲ್ಲ. ಕೆಲವೆಡೆ ಚೀರಾಟವು ಲೋಹದ ಸೂಕ್ಷ್ಮ ಕಂಪನವನ್ನು ನುಂಗಿಹಾಕುತ್ತದೆ ಎಂಬುದು ನನಗೆ ನಿಜವಾದ ಬೇಸರ.

ಲೋಕಲ್ ರೈಲಿನಲ್ಲಿ ಇದನ್ನು ಕೇಳಬೇಡಿ; ಹಳಿಯ ಸದ್ದಿನಲ್ಲಿ ಪೆಟ್ಟಿನ ನಂತರದ ಮೌನ ಕಳೆದುಹೋಗುತ್ತದೆ. ರಾತ್ರಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಮೊದಲು ಶೀರ್ಷಿಕೆ ಗೀತೆಯನ್ನು ಕೇಳಿ, ಬಳಿಕ ಆರಂಭಕ್ಕೆ ಹೋಗಿ.