ಹಳೆಯ ಪ್ಲೇನರಿನ ಮೋಟಾರು ಮತ್ತು ಪುಲ್ಲಿ: ಮಾಡಿ ನೋಡಿದ ದಾರಿಗಳ ಹೋಲಿಕೆ

ಸಾಗರದಲ್ಲಿ ಪೀಠೋಪಕರಣ ಮಾಡುತ್ತಿದ್ದವರೊಬ್ಬರು ಕಸುಬು ನಿಲ್ಲಿಸಿದಾಗ ಹಲಗೆಯ ಮೈ ಹೆರೆದು ಸಮ ಮಾಡುವ ಅವರ 12 ಇಂಚಿನ ಸರ್ಫೇಸ್ ಪ್ಲೇನರನ್ನು ಕೊಂಡು ತಂದೆ. ಬೀಡು ಕಬ್ಬಿಣದ ಮೇಜು ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ, ಮೂರು ಅಲಗಿನ ಕಟರ್ ಬ್ಲಾಕು ಕೈಯಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ಕೆಟ್ಟಿದ್ದವು ಎರಡೇ: 2 ಹಾರ್ಸ್‌ಪವರಿನ ಮೂರು ಫೇಸ್ ಮೋಟಾರು ಮತ್ತು ಅದರ ಮೇಲಿನ 5 ಇಂಚಿನ ಪುಲ್ಲಿ. ನನ್ನ ಶೆಡ್ಡಿಗೆ ಇರುವುದು ಸಿಂಗಲ್ ಫೇಸ್ ಸಂಪರ್ಕ. ಮೋಟಾರಿಗೊಂದು ದಾರಿ, ಪುಲ್ಲಿಗೊಂದು ದಾರಿ ಎಂದು ಬೇರೆ ಬೇರೆಯಾಗಿ ಹುಡುಕಲು ಹೊರಟದ್ದೇ ನನ್ನ ಮೊದಲ ತಪ್ಪು.

ಮಳೆಗಾಲವಿಡೀ ನೆಲದ ಮೇಲೆ ಬಿದ್ದಿದ್ದ ಮೋಟಾರನ್ನು ಇನ್ಸುಲೇಷನ್ ಅಳೆಯುವ ಮೆಗ್ಗರಿನಿಂದ ಪರೀಕ್ಷಿಸಿದಾಗ ವೈಂಡಿಂಗಿಗೂ (ಒಳಗೆ ಸುತ್ತಿದ ತಂತಿಗೂ) ಬಾಡಿಗೂ ನಡುವೆ 0.2 ಮೆಗಾಓಮ್ ಮಾತ್ರ ತೋರಿತು. ಮೊದಲು ನೋಡಿದ ವೈಂಡರು ಪೂರ್ತಿ ಹೊಸದಾಗಿ ಸುತ್ತಬೇಕೆಂದರು. ಆದರೆ ತಂತಿಯ ಮೇಲಿನ ವಾರ್ನಿಷ್ ಕಪ್ಪಾಗಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲವಾದ್ದರಿಂದ ಅದು ತೇವದ ದೋಷವೆಂದೇ ನನಗೆ ತೋರಿತು. ತಿರುಗುವ ಭಾಗವಾದ ರೋಟರನ್ನು ಹೊರತೆಗೆದು, ತಂತಿ ಸುತ್ತಿದ ಸ್ಟೇಟರಿನೊಳಗೆ 100 ವ್ಯಾಟಿನ ಬಲ್ಬು ಇಳಿಬಿಟ್ಟು ಎರಡು ದಿನ ಒಣಗಿಸಿದ ಮೇಲೆ ಅದೇ ಅಳತೆ 20 ಮೆಗಾಓಮ್ ದಾಟಿತು. ಎರಡೂ ಕಡೆಯ 6205 ಬೇರಿಂಗುಗಳನ್ನು ಬದಲಿಸುವಾಗ ತಗಡಿನ ಮುಚ್ಚಳದವುಗಳ ಬದಲು ರಬ್ಬರ್ ಸೀಲಿನವುಗಳನ್ನು ಹಾಕಿದೆ. ಮರದ ಹೊಟ್ಟು ಹಾರುವ ಕಡೆ ತಗಡಿನ ಮುಚ್ಚಳ ಸಾಲದು.

ಇನ್ನು ಸಿಂಗಲ್ ಫೇಸಿನಲ್ಲಿ ಅದನ್ನು ಓಡಿಸುವ ಪ್ರಶ್ನೆ. ಅತಿ ಅಗ್ಗದ ಉಪಾಯವೆಂದರೆ ಮೂರನೆಯ ತುದಿಗೆ ಕಂಡೆನ್ಸರ್ ಕೊಟ್ಟು ಓಡಿಸುವುದು. ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಎಂಬ ಲೆಕ್ಕದಲ್ಲಿ, 2 ಹಾರ್ಸ್‌ಪವರೆಂದರೆ ಸುಮಾರು 1.5 ಕಿಲೋವ್ಯಾಟ್ ಆದ್ದರಿಂದ, 105 ಮೈಕ್ರೋಫ್ಯಾರಡ್ ಜೋಡಿಸಿದೆ. ಬೆಲ್ಟಿಲ್ಲದಾಗ ಮೋಟಾರು ಚೆನ್ನಾಗಿಯೇ ತಿರುಗಿತು, ಬೆಲ್ಟು ಹಾಕಿದೊಡನೆ ಗುಂಯ್‌ಗುಡುತ್ತ ನಿಂತುಬಿಟ್ಟಿತು. ಭಾರದ ಕಟರ್ ಬ್ಲಾಕನ್ನು ನಿಂತಲ್ಲಿಂದ ಎಳೆಯುವ ಬಲ ಈ ಜೋಡಣೆಗೆ ಇಲ್ಲ. ಕೈಯಿಂದ ಒಮ್ಮೆ ದೂಡಿದರೆ ಹೊರಡುತ್ತದೆ ಎಂದು ಹೇಳುವವರಿದ್ದಾರೆ. ಅಲಗಿನ ಪಕ್ಕದಲ್ಲಿ ಬೆರಳಿಟ್ಟು ಮಾಡುವ ಕೆಲಸ ಅದಲ್ಲ.

ಎರಡನೆಯದಾಗಿ, ಕಂಡೆನ್ಸರ್ ಸ್ಟಾರ್ಟಿನ 2 ಹಾರ್ಸ್‌ಪವರ್ ಸಿಂಗಲ್ ಫೇಸ್ ಮೋಟಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲೇ ತಂದೆ. ಎಳೆಯುವ ಬಲದಲ್ಲಿ ಅದಕ್ಕೆ ಕೊರತೆಯಿರಲಿಲ್ಲ, ಪ್ರತಿ ಬಾರಿ ಹೊರಡುವಾಗ ಮನೆಯ ದೀಪಗಳು ಮಂಕಾಗುತ್ತಿದ್ದವು ಅಷ್ಟೆ. ತೊಡಕಾದದ್ದು ಪುಲ್ಲಿಯ ಲೆಕ್ಕದಲ್ಲಿ. ಹಳೆಯ ಮೋಟಾರು ನಿಮಿಷಕ್ಕೆ 2880 ಸುತ್ತಿನದು. 5 ಇಂಚಿನ ಪುಲ್ಲಿಯಿಂದ ಬ್ಲಾಕಿನ 3 ಇಂಚಿನ ಪುಲ್ಲಿಗೆ ಬೆಲ್ಟು ಹೋದರೆ ಬ್ಲಾಕು 4800 ಸುತ್ತು ತಿರುಗುತ್ತದೆ. ಹೊಸದಾಗಿ ತಂದದ್ದು 1440 ಸುತ್ತಿನದಾದ್ದರಿಂದ ಅದೇ ವೇಗಕ್ಕೆ 10 ಇಂಚಿನ ಪುಲ್ಲಿ ಬೇಕು, ಅದು ಸ್ಟ್ಯಾಂಡಿನೊಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ಬೆಲ್ಟು ಚಿಕ್ಕ ಪುಲ್ಲಿಯನ್ನು ಸುತ್ತಿಕೊಳ್ಳುವ ಭಾಗ ಕಡಿಮೆಯಾಗಿ ಜಾರತೊಡಗುತ್ತದೆ. 6 ಇಂಚಿನದನ್ನೇ ಹಾಕಿ 2880 ಸುತ್ತಿಗೆ ಒಪ್ಪಿಕೊಂಡೆ. ನಿಮಿಷಕ್ಕೆ 5 ಮೀಟರಿನಂತೆ ಹಲಗೆಯನ್ನು ದೂಡಿದರೆ, 4800 ಸುತ್ತಿನಲ್ಲಿ ಅಲಗಿನ ಎರಡು ಗುರುತುಗಳ ನಡುವೆ 0.35 ಮಿಲಿಮೀಟರ್ ಅಂತರವಿರುತ್ತದೆ, 2880ರಲ್ಲಿ ಅದು 0.58 ಆಗುತ್ತದೆ. ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಹಲಸಿನ ಹಲಗೆಯ ಮೇಲೆ ಕೈಯಾಡಿಸಿದರೆ ಅಲೆಯಲೆಯಾಗಿ ಸಿಗುತ್ತಿತ್ತು.

ಮೂರನೆಯದು, ಒಣಗಿಸಿದ ಹಳೆಯ ಮೋಟಾರಿಗೇ ವಿಎಫ್‌ಡಿ ಡ್ರೈವ್ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ಕೂರಿಸಿದ್ದು. ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟಿನ ಮೂರು ಫೇಸ್ ಕೊಡುವ ಡ್ರೈವ್ ಇದಾದ್ದರಿಂದ, 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿದ್ದ ಮೋಟಾರನ್ನು, ಕಡಿಮೆ ವೋಲ್ಟಿಗೆ ಒಗ್ಗುವಂತೆ ತಂತಿಯ ತುದಿಗಳನ್ನು ಬೇರೆ ರೀತಿ ಕೂಡಿಸುವ ಡೆಲ್ಟಾ ಜೋಡಣೆಗೆ ಬದಲಿಸಬೇಕಾಯಿತು. ಟರ್ಮಿನಲ್ ಡಬ್ಬಿಯಲ್ಲಿ ಆರು ತುದಿಗಳಿದ್ದದ್ದು ಪುಣ್ಯ. ಮೂರೇ ಇದ್ದಿದ್ದರೆ ವೈಂಡಿಂಗನ್ನೇ ಬಿಚ್ಚಬೇಕಿತ್ತು. ಎಂಟು ಸೆಕೆಂಡಿನಲ್ಲಿ ನಿಧಾನವಾಗಿ ವೇಗಕ್ಕೇರುವಂತೆ ಹೊಂದಿಸಿದ ಮೇಲೆ ದೀಪ ಮಂಕಾಗುವುದು ನಿಂತಿತು, 4800 ಸುತ್ತೂ ಮರಳಿ ಬಂತು. ಇದಕ್ಕೂ ದೋಷಗಳಿವೆ. ಸಂಜೆ ವೋಲ್ಟೇಜ್ ಕುಸಿದಾಗ ಸಿಂಗಲ್ ಫೇಸ್ ಮೋಟಾರು ಬಿಸಿಯಾಗುತ್ತಲಾದರೂ ಓಡುತ್ತಿತ್ತು, ಡ್ರೈವ್ ಟ್ರಿಪ್ ಆಗಿ ಕುಳಿತುಬಿಡುತ್ತದೆ. ಹೊಟ್ಟು ಒಳಸೇರದಂತೆ ಅದನ್ನು ಗೋಡೆಯಾಚೆ ಡಬ್ಬಿಯಲ್ಲಿ ಇಡಬೇಕಾಯಿತು. ಬೆಲೆಯೂ 10,000 ರೂಪಾಯಿಯ ಆಸುಪಾಸು, ಸಿಂಗಲ್ ಫೇಸ್ ಮೋಟಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಆದರೂ ಪ್ಲೇನರಿಗೆ ನಾನು ಉಳಿಸಿಕೊಂಡದ್ದು ಇದನ್ನೇ.

ಪುಲ್ಲಿಯ ಕಥೆ ಇಷ್ಟು ದೀರ್ಘವಲ್ಲ. ಹಳೆಯದರ ತೂತು ಸವೆದು 24 ಮಿಲಿಮೀಟರಿನ ಶಾಫ್ಟಿನ ಮೇಲೆ ಅಲುಗುತ್ತಿತ್ತು, ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಉಕ್ಕಿನ ತುಂಡು, ಅಂದರೆ ಕೀ, ಕೂರುವ ತೋಡೂ ಅಗಲವಾಗಿತ್ತು. ಇಷ್ಟಾದರೂ ತುಕ್ಕಿನಿಂದ ಕಚ್ಚಿಕೊಂಡಿದ್ದ ಅದನ್ನು ಸುತ್ತಿಗೆಯಿಂದ ಬಿಡಿಸಲು ಹೋಗಿ ಅಂಚಿನ ಒಂದು ಚೂರು ಹಾರಿಸಿದೆ. ಬೀಡು ಬಾಗುವುದಿಲ್ಲ, ಒಡೆಯುತ್ತದೆ ಎಂಬುದು ಗೊತ್ತಿದ್ದೂ ಪುಲ್ಲಿಯನ್ನು ಎಳೆದು ತೆಗೆಯುವ ಪುಲ್ಲರ್ ತರಲು ಸೋಮಾರಿತನ. ಅದರ ಜಾಗಕ್ಕೆ ಮೊದಲು ಅಂಗಡಿಯ ಸಿದ್ಧ ಅಲ್ಯುಮಿನಿಯಂ ಪುಲ್ಲಿ ಹಾಕಿದೆ. ಹಗುರ, ಅಗ್ಗ, ಅಂದವೂ ಇತ್ತು. ಆದರೆ ಓಲಾಟ ಅಳೆಯುವ ಡಯಲ್ ಗೇಜಿಟ್ಟು ತಿರುಗಿಸಿದಾಗ 0.6 ಮಿಲಿಮೀಟರ್ ಓಲಾಟ ಕಂಡಿತು, ಎರಡು ತಿಂಗಳಲ್ಲಿ ಉಕ್ಕಿನ ಕೀ ಮೆದುವಾದ ಲೋಹವನ್ನು ಕೊರೆದು ಟಕಟಕ ಸದ್ದು ಮತ್ತೆ ಶುರುವಾಯಿತು. ಕೊನೆಗೆ ಅಂಚು ಹಾರಿದ ಹಳೆಯ ಪುಲ್ಲಿಯನ್ನೇ ಲೇತಿಗೆ ಒಯ್ದೆ. ತೂತನ್ನು 36 ಮಿಲಿಮೀಟರಿಗೆ ದೊಡ್ಡದು ಮಾಡಿ, ಉಕ್ಕಿನ ಬುಷ್ (ಒಳಬಳೆ) ಬಿಗಿಯಾಗಿ ಒತ್ತಿ ಕೂರಿಸಿ, 8 ಮಿಲಿಮೀಟರಿನ ಕೀ ತೋಡನ್ನು ಹೊಸದಾಗಿ ಕೊರೆಸಿ, ಹಾರಿದ ಚೂರಿಗೆ ಎದುರು ಬದಿಯಲ್ಲಿ ಸ್ವಲ್ಪ ಲೋಹ ತೆಗೆಸಿ ತೂಕ ಸಮ ಮಾಡಿಸಿದೆ. ಮಜೂರಿ ಅಲ್ಯುಮಿನಿಯಂ ಪುಲ್ಲಿಯ ಬೆಲೆಗಿಂತ ಹೆಚ್ಚಾಯಿತು, ಓಲಾಟ 0.05ಕ್ಕೆ ಇಳಿಯಿತು. ಮೇಜಿನ ಮೇಲೆ ನಿಲ್ಲಿಸಿದ ಐದು ರೂಪಾಯಿಯ ನಾಣ್ಯ ಈಗ ಮಷಿನ್ ಓಡುವಾಗಲೂ ಬೀಳುವುದಿಲ್ಲ.

ಸಿಂಗಲ್ ಫೇಸ್ ಮೋಟಾರು ವ್ಯರ್ಥವಾಗಲಿಲ್ಲ. 3 ಇಂಚಿನಿಂದ 6 ಇಂಚಿನ ಪುಲ್ಲಿಗೆ ಬೆಲ್ಟು ಹಾಕಿ ಅದನ್ನು 14 ಇಂಚಿನ ಬ್ಯಾಂಡ್ ಸಾಗೆ ಜೋಡಿಸಿದ್ದೇನೆ. 720 ಸುತ್ತು ಸಾಕಾಗುವ ಆ ಮಷಿನ್ನಿಗೆ ಅದರ ನಿಧಾನವೇ ಅನುಕೂಲವಾಗಿದೆ.