ನೀರುಕಾಗೆ ಯಾವುದು, ಎಲ್ಲಿ, ಯಾಕೆ: ಕೆರೆ ಹಕ್ಕಿಗೆಂದು ಕೊಂಡ 8×42 ಬೈನಾಕ್ಯುಲರ್

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಸ್ಟಾರ್ ಕಳೆದುಕೊಂಡದ್ದು ಮುಚ್ಚಳದಿಂದ. ಗಾಜಿನ ಬಗ್ಗೆ ನನ್ನದೇನೂ ತಕರಾರಿಲ್ಲ. 8×42 ಅಂದರೆ 8 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ.

ಈ ಮಾಡೆಲ್ ಬಗ್ಗೆ ಜನ ಹೇಳುವ ದೂರು ಒಂದೇ: ‘ಜೂಮ್ ಸಾಲದು, 10 ಪಟ್ಟು ಇರಬೇಕಿತ್ತು.’ ಹುಣ್ಣಿಮೆ ಚಂದ್ರನನ್ನು ನೋಡುವವರಿಗೆ ಆ ಮಾತು ಸರಿ ಇರಬಹುದು. ನಾನು ಕೊಂಡದ್ದು ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ಕುತ್ತಿಗೆಗೆ ಹಾಕಿಕೊಳ್ಳುವುದಕ್ಕೆ. ಕೆರೆಯಲ್ಲಿ ಹಕ್ಕಿ ದೂರ ಇರುವುದು ಅಂಥ ದೊಡ್ಡ ತೊಂದರೆಯೇನಲ್ಲ. ಒಂದೇ ಕುಲದ ಮೂರು ನಾಲ್ಕು ಹಕ್ಕಿಗಳು ಒಂದೇ ನೀರಿನಲ್ಲಿ, ಒಂದೇ ಬಣ್ಣದಲ್ಲಿ ಕೂತಿರುತ್ತವಲ್ಲ, ತಲೆ ಕೆಡುವುದು ಅಲ್ಲಿ. ಯಾವುದು ಎಷ್ಟು ಆಳದಲ್ಲಿ ನಿಂತಿದೆ, ಕೊಕ್ಕು ಎಷ್ಟು ಉದ್ದ, ಯಾವ ಹೊತ್ತಿಗೆ ಬಂತು ಎಂಬುದನ್ನು ನೋಡಿಯೇ ಅವನ್ನು ಬಿಡಿಸಬೇಕು. ಅಷ್ಟನ್ನು ತೋರಿಸದ ಬೈನಾಕ್ಯುಲರ್ ಎಷ್ಟು ಪಟ್ಟು ದೊಡ್ಡದು ಮಾಡಿದರೂ ದಂಡ.

ಅಗ್ಗದ ಬೈನಾಕ್ಯುಲರ್ ಸೋಲುವುದು ನೀರುಕಾಗೆಯ ಮುಂದೆ. ಕಪ್ಪು ಹಕ್ಕಿ, ಹಿಂದೆ ಥಳಥಳ ನೀರು, ಎದುರು ಬಿಸಿಲು. ನನ್ನ ಹಳೆಯ 10×25ರಲ್ಲಿ ಎಲ್ಲ ನೀರುಕಾಗೆಯೂ ಬರೀ ಕಪ್ಪು ಆಕಾರ. ಇದರಲ್ಲಿ ಮೊದಲ ಬಾರಿ ಒಂದು ಹಕ್ಕಿಯ ಹಸಿರು ಬೆರೆತ ನೀಲಿ ಕಣ್ಣು ಕಂಡಿತು, ತುದಿಯಲ್ಲಿ ಕೊಂಕಿದ ತೆಳ್ಳನೆಯ ಉದ್ದ ಕೊಕ್ಕೂ ಕಂಡಿತು. ಅದು ಭಾರತೀಯ ನೀರುಕಾಗೆ, ಉದ್ದ 60 ಸೆಂ.ಮೀ.ಗಿಂತ ತುಸು ಹೆಚ್ಚು. ಅದರ ಪಕ್ಕದ ಬಂಡೆಯ ಮೇಲಿದ್ದ ಗಿಡ್ಡ ಕೊಕ್ಕಿನದು ಪುಟ್ಟ ನೀರುಕಾಗೆ, 50 ಸೆಂ.ಮೀ. ಆಸುಪಾಸು. ಎರಡೂ ಒಟ್ಟಿಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು, ನೋಡಿದರೆ ಒಂದೇ ಮನೆಯವು ಅನ್ನಬೇಕು. ಹೊಟ್ಟೆಪಾಡಿನ ಹೊತ್ತಿಗೆ ಮಾತ್ರ ದಾರಿ ಬೇರೆ. ಪುಟ್ಟದು ಜೊಂಡಿನ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ, ಹೆಚ್ಚಾಗಿ ಒಂಟಿಯಾಗಿಯೋ ನಾಲ್ಕೈದು ಸೇರಿಯೋ ಸಣ್ಣ ಮೀನು, ಗೊದಮೊಟ್ಟೆ ಹುಡುಕುತ್ತದೆ. ಭಾರತೀಯ ನೀರುಕಾಗೆ ದಂಡು ಕಟ್ಟಿಕೊಂಡು ತೆರೆದ ನೀರಿಗೆ ಇಳಿಯುತ್ತದೆ. ಇವೆರಡಕ್ಕಿಂತ ದೊಡ್ಡದೊಂದಿದೆ, 80 ಸೆಂ.ಮೀ. ದಾಟುವ ದೊಡ್ಡ ನೀರುಕಾಗೆ. ಮರಿ ಮಾಡುವ ಕಾಲದಲ್ಲಿ ತೊಡೆಯ ಮೇಲೆ ಬಿಳಿ ಮಚ್ಚೆ ಮೂಡಿಸಿಕೊಳ್ಳುವ ಇದಕ್ಕೆ ಆಳವಾದ ನೀರು, ದೊಡ್ಡ ಮೀನು ಬೇಕು. ಇದನ್ನು ನಾನು ಚೆನ್ನಾಗಿ ನೋಡಿದ್ದು ರಂಗನತಿಟ್ಟಿನಲ್ಲಿ.

8 ಪಟ್ಟು ಸಾಕು ಅನ್ನುವುದಕ್ಕೆ ನನ್ನ ಬಳಿ ಇರುವ ಗಟ್ಟಿ ಕಾರಣ ಭಾರತೀಯ ನೀರುಕಾಗೆಯ ಬೇಟೆ. ದಂಡು ಸಾಲಾಗಿ ಮುಳುಗುತ್ತ ಏಳುತ್ತ ಮೀನನ್ನು ದಡದ ಕಡೆಗೆ ಅಟ್ಟಿಕೊಂಡು ಬರುತ್ತದೆ. ಹಿಂದುಳಿದವು ಹಾರಿ ಮುಂದಕ್ಕೆ ಬಂದು ಬೀಳುತ್ತವೆ. ಮುಂದೇನಾಗುತ್ತದೆಂದು ದಡದ ಸಣ್ಣ ಬೆಳ್ಳಕ್ಕಿಗಳಿಗೆ ಗೊತ್ತು. ಅವು ನೀರುಕಾಗೆ ಸಾಲಿನ ಪಕ್ಕದಲ್ಲೇ, ಅದರ ವೇಗಕ್ಕೆ ಸರಿಯಾಗಿ, ಅಂಚಿನಲ್ಲಿ ಓಡುತ್ತ ಹೆದರಿ ಮೇಲೆ ಬಂದ ಮೀನನ್ನು ಕುಕ್ಕುತ್ತವೆ. ಇದನ್ನು ನೋಡಲು ಮುಳುಗುವವೂ ಓಡುವವೂ ಒಂದೇ ಚೌಕಟ್ಟಿನಲ್ಲಿ ಇರಬೇಕು. ಡಬ್ಬಿಯ ಮೇಲೆ 1000 ಮೀಟರ್ ದೂರದಲ್ಲಿ 129 ಮೀಟರ್ ಅಗಲ ಎಂದು ಬರೆದಿದೆ. ಹಳೆಯದರಲ್ಲಿ ನೀರುಕಾಗೆ ನೋಡಿದರೆ ಬೆಳ್ಳಕ್ಕಿ ತಪ್ಪುತ್ತಿತ್ತು, ಬೆಳ್ಳಕ್ಕಿ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ನೀರುಕಾಗೆಗೆ ಇಷ್ಟು ಜಾಗ ಕೊಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. 1934ರಲ್ಲಿ ಮಾಸ್ಕೋದಲ್ಲಿ ಗಾಸ್ ಎಂಬ ಜೀವವಿಜ್ಞಾನಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಬಗೆಗಳನ್ನು ಒಂದೇ ಗಾಜಿನ ನಳಿಕೆಯಲ್ಲಿ ಒಂದೇ ಆಹಾರ ಕೊಟ್ಟು ಸಾಕಿದ, ಒಂದು ಉಳಿಯಿತು, ಇನ್ನೊಂದು ಅಳಿಯಿತು. ಹಾಗಾದರೆ ಒಂದೇ ಬಂಡೆಗೋಡೆಯ ಮೇಲೆ ಗೂಡು ಕಟ್ಟಿ ಒಂದೇ ಕಡಲಿನಲ್ಲಿ ಮೀನು ಹಿಡಿಯುವ ಬ್ರಿಟನ್ನಿನ ಎರಡು ನೀರುಕಾಗೆಗಳು ಹೇಗೆ ಉಳಿದವು? ಪಕ್ಷಿತಜ್ಞ ಡೇವಿಡ್ ಲ್ಯಾಕ್ 1945ರಲ್ಲಿ ಉತ್ತರ ಕೊಟ್ಟದ್ದು ಅವುಗಳ ಊಟದ ಲೆಕ್ಕ ನೋಡಿ. ಒಂದು ಅಳಿವೆಯ ತಳದ ಚಪ್ಪಟೆ ಮೀನು, ಸಿಗಡಿ ತಿನ್ನುತ್ತಿತ್ತು. ಇನ್ನೊಂದು ತೆರೆದ ನೀರಿನ ತೆಳ್ಳನೆಯ ಮೀನುಗಳನ್ನು. ಆ ಮೊದಲನೆಯದು ನಮ್ಮ ರಂಗನತಿಟ್ಟಿನ ದೊಡ್ಡ ನೀರುಕಾಗೆಯ ಜಾತಿಯದೇ. ಇದು ಗೊತ್ತಾದ ಮೇಲೆ ಕೆರೆ ಏರಿಯ ಮೇಲೆ ನನ್ನ ವಾಕಿಂಗ್ ನಿಧಾನವಾಗಿದೆ, ಮನೆಯಲ್ಲಿ ತಿಂಡಿ ಆರಿರುತ್ತದೆ.

ಕಪ್ಪಿನಲ್ಲಿ ಗೆದ್ದದ್ದು ಬಿಳಿಯಲ್ಲಿ ಸ್ವಲ್ಪ ಎಡವುತ್ತದೆ. ಎಳೆಬಿಸಿಲಿನಲ್ಲಿ ಬೆಳ್ಳಕ್ಕಿಯ ಬೆನ್ನಿನ ಅಂಚಿಗೆ ತೆಳುವಾಗಿ ನೇರಳೆ ಗೆರೆ ಕಾಣುತ್ತದೆ, ಚೌಕಟ್ಟಿನ ಬದಿಗೆ ಹೋದಷ್ಟೂ ಹೆಚ್ಚು. ಈ ಬೆಲೆಗೆ ಇದು ಮಾಮೂಲಿ. ಬಣ್ಣ ಮಾತ್ರ ನಿಜ. ಸಣ್ಣ ಬೆಳ್ಳಕ್ಕಿಯ ಕಪ್ಪು ಕೊಕ್ಕು, ಕಪ್ಪು ಕಾಲು, ಆ ಕಾಲಿನ ತುದಿಯಲ್ಲಿ ಹಳದಿ ಪಾದ: ಒಂದು ಕಾಲನ್ನು ಕೆಸರಿನಲ್ಲಿ ನಡುಗಿಸಿ ಮೀನನ್ನು ಎಬ್ಬಿಸುತ್ತದೆ, ಕಾಲೆತ್ತಿದ ಆ ಒಂದು ಗಳಿಗೆಯಲ್ಲಿ ಹಳದಿ ಕಾಣುತ್ತದೆ. ದೊಡ್ಡ ಬೆಳ್ಳಕ್ಕಿಗೆ ಈ ಗಡಿಬಿಡಿ ಇಲ್ಲ, ಉದ್ದ ಕಾಲಿರುವುದರಿಂದ ಆಳಕ್ಕೆ ಹೋಗಿ ಅಲುಗದೆ ನಿಲ್ಲುತ್ತದೆ. ಇದನ್ನು ನಡು ಬೆಳ್ಳಕ್ಕಿಯಿಂದ ಬೇರ್ಪಡಿಸಬೇಕಾದರೆ ಬಾಯಿಯ ಗೆರೆ ನೋಡಬೇಕು. ದೊಡ್ಡದರಲ್ಲಿ ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕೆರೆಯ ಆಚೆ ದಡದಲ್ಲಿರುವ ಹಕ್ಕಿಯ ಆ ಗೆರೆ ಇದರಲ್ಲಿ ಕಾಣುವುದಿಲ್ಲ, ಸುಳ್ಳು ಹೇಳಲಾರೆ. ಗೋವಕ್ಕಿಯ ಚಿಂತೆಯೇ ಬೇಡ, ಅದು ದನದ ಕಾಲಬುಡದಲ್ಲಿ ಮಿಡತೆ ಹಿಡಿಯುತ್ತಿರುತ್ತದೆ.

ಸಂಜೆ ಈ 42ರ ಬೆಲೆ ತಿಳಿಯುತ್ತದೆ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 5.25 ಮಿ.ಮೀ. ಅಗಲ. ಹಳೆಯ 10×25ರಲ್ಲಿ ಅದು ಬರೀ 2.5. ಹೊತ್ತು ಮುಳುಗಿದ ಮೇಲೆ ಬೂದು ಬಕ ಒಂದೊಂದಾಗಿ ಮರ ಸೇರುವ ಹೊತ್ತಿಗೆ ಇರುಳು ಬಕಗಳು ನೈಟ್ ಶಿಫ್ಟಿಗೆ ಹೊರಡುತ್ತವೆ, ‘ಕ್ವಾಕ್’ ಎನ್ನುತ್ತ. ಅವುಗಳ ಕೆಂಪು ಕಣ್ಣು ಆ ಮಬ್ಬಿನಲ್ಲೂ ಕಂಡಿತೆಂದರೆ ನಂಬಿ.

ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ಪಕ್ಕದ ಸೀಟಿನವರ 12 ಪಟ್ಟಿನದನ್ನು ಕೇಳಿ ನೋಡಿದೆ. ಹುಟ್ಟು ಹಾಕಿದಾಗಲೆಲ್ಲ ಹಕ್ಕಿ ಕುಣಿಯುತ್ತದೆ. ನನ್ನದರಲ್ಲಿ ಬಾಯ್ಕಳಕ ಎಂಬ ಕೊಕ್ಕರೆಯ ಮುಚ್ಚಿದ ಕೊಕ್ಕಿನ ನಡುವಿನ ಸಂದಿಯಲ್ಲಿ ಆಚೆಯ ಹಸಿರು ಕಂಡಿತು. ಅದು ಬಸವನಹುಳುವಿಗೆಂದೇ ಇರುವ ಕೊಕ್ಕು. ಅದೇ ಕುಟುಂಬದ ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿಟ್ಟು, ತಾಕಿದ ಮೀನನ್ನು ಹಿಡಿಯುತ್ತದೆ. ಒಂದೇ ನಡುಗಡ್ಡೆಯಲ್ಲಿದ್ದರೂ ಊಟಕ್ಕೆ ಜಗಳವಿಲ್ಲ. ಹಾಗೆಂದು ಇದನ್ನೆಲ್ಲ ಸೌಹಾರ್ದ ಅನ್ನಬೇಡಿ. ಬೇಸಿಗೆಯಲ್ಲಿ ಕೆರೆ ಬತ್ತಿ ಒಂದು ಗುಂಡಿಯಲ್ಲಿ ಮೀನೆಲ್ಲ ಸೇರಿದಾಗ ಬಕ, ಬೆಳ್ಳಕ್ಕಿ, ಕೊಕ್ಕರೆ ಎಲ್ಲ ಅಲ್ಲೇ ಮುಗಿಬೀಳುತ್ತವೆ, ಪಾಲುಪಟ್ಟಿ ಪಕ್ಕಕ್ಕೆ.

ಮಿಂಚುಳ್ಳಿಯಲ್ಲಿ ಫೋಕಸ್ ಗಾಲಿ ಕೈ ಕೊಡುತ್ತದೆ. ಕಪ್ಪು ಬಿಳುಪು ಮಿಂಚುಳ್ಳಿ ತೆರೆದ ನೀರಿನ ಮೇಲೆ ಗಾಳಿಯಲ್ಲೇ ನಿಂತು ನೇರ ಧುಮುಕುತ್ತದೆ. ಗಾಲಿ ಗಟ್ಟಿ, ತಿರುಗಿಸುವಷ್ಟರಲ್ಲಿ ಹಕ್ಕಿ ನೀರಿನಲ್ಲಿರುತ್ತದೆ. ಬಿಳಿ ಎದೆಯ ಮಿಂಚುಳ್ಳಿ ತಂತಿ ಮೇಲೆ ಕೂತು ಮಿಡತೆ, ಹಲ್ಲಿಗೆ ಕಾಯುವುದು, ಅದಕ್ಕೆ ಈ ಗಾಲಿ ಸಾಕು.

ಕನ್ನಡಕದವರಿಗೆ: ನಾನು ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕುವವಳು. ಕಣ್ಣಿನ ಬಟ್ಟಲನ್ನು ಪೂರ್ತಿ ಕೆಳಗಿಳಿಸಿದರೆ ಇಡೀ ವೃತ್ತ ಕಾಣುತ್ತದೆ. ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಬಲಗಣ್ಣಿನ ಉಂಗುರವನ್ನು ಒಮ್ಮೆ ಹೊಂದಿಸಿ, ಅಲ್ಲಿ ಬಿಳಿ ಪೆನ್ನಿನಿಂದ ಗುರುತು ಹಾಕಿಕೊಳ್ಳಿ, ಬ್ಯಾಗಿನಲ್ಲಿ ತಾನೇ ಜರುಗುತ್ತದೆ.

ಇನ್ನು ಮುಚ್ಚಳ. ಮುಂದಿನ ಲೆನ್ಸಿನ ರಬ್ಬರ್ ಮುಚ್ಚಳದಲ್ಲಿ ಒಂದು ಈಗ ಕೆರೆಯ ತಳದಲ್ಲಿದೆ. ಬದಲಿ ಕೇಳಿದರೆ ಮಾರಿದವರು ಬಿಡಿಯಾಗಿ ಸಿಗಲ್ಲ, ಹೊಸ ಪೆಟ್ಟಿಗೆಯೊಂದಿಗೆ ಬರುತ್ತದೆ ಅಂದರು. ಹೊಸ ಬೈನಾಕ್ಯುಲರ್ ಕೊಳ್ಳಬೇಕಂತೆ! ಜೊತೆಗೆ ಬಂದ ಪಟ್ಟಿಯೂ ತೆಳು, ಅರ್ಧ ಗಂಟೆಗೆ ಕುತ್ತಿಗೆ ಕೊರೆಯುತ್ತದೆ. 11,500 ಕೊಟ್ಟೆ, ಅಗಲದ ಪಟ್ಟಿಗೆ ಇನ್ನೊಂದು 600. ಕೊಳ್ಳುವವರು ಮುಚ್ಚಳಕ್ಕೆ ಮೊದಲ ದಿನವೇ ಮೀನಿನ ಗಾಳದ ದಾರ ಕಟ್ಟಿಬಿಡಿ.