ರೇಷ್ಮೆ ಸೀರೆಗೆ ಜಿಪ್ ಕವರೋ, ಹ್ಯಾಂಗರೋ, ರಟ್ಟಿನ ಕೊಳವೆಯೋ?

ಅಪರೂಪಕ್ಕೆ ಉಡುವ ರೇಷ್ಮೆ ಸೀರೆಗಳನ್ನು ಇಡುವುದಕ್ಕೆ, ಪರದೆ ಬಟ್ಟೆಯ ಅಂಗಡಿಯವರು ಬಟ್ಟೆ ಮುಗಿದ ಮೇಲೆ ಮೂಲೆಗೆ ಒರಗಿಸುವ ದಪ್ಪ ರಟ್ಟಿನ ಕೊಳವೆಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಈ ಹೋಲಿಕೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆನ್‌ಲೈನಿನಲ್ಲಿ ತರಿಸಿದ ಜಿಪ್ ಕವರುಗಳು ಒಂದೇ ಮಳೆಗಾಲದಲ್ಲಿ ಕೈಕೊಟ್ಟ ಮೇಲೆ ನಾನು ಕೊಳವೆಯ ಕಡೆಗೆ ತಿರುಗಿದೆ. ಆ ನೆಪದಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಫಾಯಿಲ್ ಕೊಳವೆ, ಟಿಶ್ಯೂ ಕೊಳವೆಗಳೂ ರದ್ದಿಯವನ ಚೀಲಕ್ಕೆ ಹೋಗದೆ ಉಳಿದು, ಒಂದೊಂದೂ ತನಗೊಪ್ಪುವ ಕೆಲಸವನ್ನು ಹುಡುಕಿಕೊಂಡಿತು.

ಜಿಪ್ ಕವರಿನ ಸೆಟ್ಟಿಗೆ 350 ರೂಪಾಯಿ ಕೊಟ್ಟಿದ್ದೆ. ಹಿಂಬದಿಗೆ ಬಟ್ಟೆಯಂತೆ ಕಾಣುವ ಹಾಳೆ, ಮುಂದೆ ಪಾರದರ್ಶಕ ಪ್ಲಾಸ್ಟಿಕ್. ಯಾವ ಕವರಿನಲ್ಲಿ ಯಾವ ಸೀರೆ ಇದೆ ಎಂಬುದು ತೆರೆಯದೆಯೇ ಗೊತ್ತಾಗುತ್ತದೆ ಎನ್ನುವುದು ಅದರ ದೊಡ್ಡ ಗುಣ, ಮತ್ತು ಆ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜುಲೈ ತಿಂಗಳ ಮುಂಬಯಿಯಲ್ಲಿ ಗಾಳಿಯ ತೇವಾಂಶ ಶೇಕಡಾ 80ರ ಮೇಲೆಯೇ ಇರುತ್ತದೆ, ಮತ್ತು ಅಂಥ ದಿನದಲ್ಲಿ ಮುಚ್ಚಿದ ಕವರು ಬಟ್ಟೆಯೊಂದಿಗೆ ಆ ತೇವವನ್ನೂ ಒಳಗೇ ಕೂಡಿಹಾಕುತ್ತದೆ. ಗೌರಿ ಹಬ್ಬಕ್ಕೆಂದು ತೆಗೆದಾಗ ಹಸಿರು ಮೈಸೂರು ರೇಷ್ಮೆಯ ಅಂಚಿನ ಜರಿ ಮಡಿಕೆಯ ಗೆರೆಯುದ್ದಕ್ಕೂ ಮಂಕಾಗಿತ್ತು. ಪಾರದರ್ಶಕ ಭಾಗವು ಪಕ್ಕದ ಕವರಿಗೆ ಅಂಟಿಕೊಂಡು, ಎಳೆದಾಗ ಚರ್ರೆಂದು ಬಿಟ್ಟಿತು. ಮೆತ್ತನೆಯ ಪ್ಲಾಸ್ಟಿಕ್ಕಿಗೆ ಬೆರೆಸುವ ಎಣ್ಣೆಯಂಥ ದ್ರವ್ಯವು ಸೆಕೆಗೆ ಹೊರಗೆ ಜಿನುಗುವುದರಿಂದ ಈ ಅಂಟು ಹುಟ್ಟುತ್ತದೆ. ಜಿಪ್ಪಿನ ಹಲ್ಲುಗಳ ವಿಷಯವನ್ನು ಬೆಳೆಸುವುದಿಲ್ಲ.

ಹ್ಯಾಂಗರಿನ ಬಗ್ಗೆ ಒಂದೇ ಮಾತು. ಭಾರದ ಜರಿಯ ಸೀರೆಯನ್ನು ತೂಗುಹಾಕಿದರೆ ಅದರ ತೂಕವೆಲ್ಲ ಒಂದೇ ಮಡಿಕೆಯ ಮೇಲೆ ಬೀಳುತ್ತದೆ, ಮತ್ತು ರೇಷ್ಮೆ ಮೊದಲು ಸೀಳುವುದು ಅದೇ ಮಡಿಕೆಯಲ್ಲಿ.

ಕೊಳವೆಗೆ ಸುತ್ತಿದ ಸೀರೆಯಲ್ಲಿ ಮಡಿಕೆಯೇ ಇರುವುದಿಲ್ಲ. ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 48 ಇಂಚು. ಪರದೆ ಮತ್ತು ಸೋಫಾ ಬಟ್ಟೆಯ ಉರುಳೆಗಳು ಬರುವುದು 48 ಅಥವಾ 54 ಇಂಚಿನ ಅಗಲದಲ್ಲಿ. ಹೀಗಾಗಿ ಅವುಗಳ ನಡುವಿನ ಕೊಳವೆಗೆ ಸೀರೆಯನ್ನು ಪೂರ್ತಿ ಅಗಲಕ್ಕೆ ಬಿಚ್ಚಿ ಸುತ್ತಬಹುದು, ಉದ್ದ ಹೆಚ್ಚಾದರೆ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಬಹುದು. ಫಡ್ಕೆ ರಸ್ತೆಯ ಕಡೆಯ ಅಂಗಡಿಯೊಂದರ ಸೇಠರು ಕೊಳವೆಗೆ ದುಡ್ಡು ತೆಗೆದುಕೊಳ್ಳಲಿಲ್ಲ; ಮತ್ತೊಂದು ಅಂಗಡಿಯಲ್ಲಿ ಹುಡುಗನೊಬ್ಬ ಚಹಾಕ್ಕೆಂದು 20 ರೂಪಾಯಿ ಕೇಳಿದ. ಅವನ್ನು ಹಿಡಿದು ಲಿಫ್ಟಿನಲ್ಲಿ ನಿಂತಿದ್ದನ್ನು ಕಂಡು, ಇಳಕಲ್ಲಿನಿಂದ ಬಂದಿದ್ದ ನಮ್ಮವ್ವ, "ಇದೇನವಾ, ಮನೀನ ಅರಿವಿ ಅಂಗಡಿ ಮಾಡೀಯಲ್ಲ!" ಎಂದು ನಕ್ಕಳು. ಸುತ್ತಿ ಮುಗಿಸಿದ ಮೇಲೆ ತನ್ನ ಮದುವೆಯ ಸೀರೆಯನ್ನೂ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು.

ಕೊಳವೆ ದಪ್ಪವಿದ್ದಷ್ಟೂ ಒಳ್ಳೆಯದು. ಐದೂವರೆ ಮೀಟರಿನ ಸೀರೆ 5 ಸೆಂಟಿಮೀಟರ್ ವ್ಯಾಸದ ಕೊಳವೆಗೆ 30ರ ಆಸುಪಾಸು ಸುತ್ತು ಬರುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ 3 ಸೆಂಟಿಮೀಟರ್ ಕೊಳವೆಗಾದರೆ 45ರ ಹತ್ತಿರ ಹೋಗುತ್ತದೆ, ಮತ್ತು ಒಳಗಿನ ಬಿಗಿ ಸುತ್ತುಗಳಲ್ಲಿ ಬಟ್ಟೆ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಅಲ್ಲದೆ ಫಾಯಿಲ್ ಕೊಳವೆ ಒಂದೇ ಅಡಿ ಉದ್ದವಿರುವುದರಿಂದ ಸೀರೆಯನ್ನು ಅಗಲದಲ್ಲಿ ನಾಲ್ಕಾಗಿ ಮಡಿಸಬೇಕಾಗುತ್ತದೆ. ಹಾಗೆ ಮಡಿಸುವುದಾದರೆ ಕೊಳವೆಯ ಉಪಕಾರವೇ ಉಳಿಯುವುದಿಲ್ಲ.

ಈ ದಪ್ಪ ಕೊಳವೆಯಲ್ಲಿ ತೊಡಕಿಲ್ಲವೇ ಎಂದು ಕೇಳಿದರೆ, ಇದೆ, ಮತ್ತು ಅದು ಸಣ್ಣ ತೊಡಕಲ್ಲ. ರಟ್ಟು ಸ್ವಭಾವತಃ ನೀರು ಕುಡಿಯುವ ವಸ್ತು. ಕಾಗದದ ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದು ಸುತ್ತಿ, ಗೋಂದು ಹಚ್ಚಿ ಒಣಗಿಸಿ ಈ ಕೊಳವೆಗಳನ್ನು ಮಾಡುತ್ತಾರೆ. ಮಳೆಗಾಲದ ಗಾಳಿಗೆ ಆ ಪಟ್ಟಿಗಳು ಉಬ್ಬಿ, ಓರೆ ಗೆರೆಯಲ್ಲಿ ಅಲ್ಲಲ್ಲಿ ಬಾಯಿಬಿಡುತ್ತವೆ ಮತ್ತು ಒಂದು ಬಗೆಯ ಹುಳಿಮಿಶ್ರಿತ ಮುಗ್ಗಲು ವಾಸನೆ ಏಳುತ್ತದೆ. ಗೋಂದು ಗಂಜಿಯದಾಗಿದ್ದರೆ, ಹಳೆಯ ಪುಸ್ತಕಗಳಲ್ಲಿ ಕಾಣುವ, ಬಾಲವಿರುವ ಬೆಳ್ಳಿಬಣ್ಣದ ಹುಳುಗಳಿಗೂ ಜಿರಳೆಗಳಿಗೂ ಅದು ಊಟದೆಲೆಯೇ ಸರಿ. ಕೊಳವೆಯ ಎರಡು ತುದಿಗಳು ತೆರೆದಿರುವುದರಿಂದ ಒಳಗೆ ಕತ್ತಲೆಯೂ ಸಿಗುತ್ತದೆ, ಆಹಾರವೂ ಸಿಗುತ್ತದೆ. ಸುತ್ತಿಟ್ಟ ಸೀರೆಯ ಹೊರಮೈಯನ್ನು ಎಷ್ಟು ಪರೀಕ್ಷಿಸಿದರೂ ಒಳಗಿನ ಈ ವಾಸ್ತವ್ಯ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕಿಂತ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ದೋಷವಿದೆ. ಕಂದು ರಟ್ಟಿನಲ್ಲಿ ಆಮ್ಲದ ಅಂಶವಿರುತ್ತದೆ. ಅದಕ್ಕೆ ನೇರವಾಗಿ ತಗುಲಿಕೊಂಡಿರುವ ಬಟ್ಟೆ ವರ್ಷಗಳು ಕಳೆದಂತೆ ಹಳದಿಗೆ ತಿರುಗಿ ಪೆಡಸಾಗುತ್ತದೆ. ಹಳೆಯ ಬಟ್ಟೆಗಳನ್ನು ಕಾಪಾಡುವ ವಸ್ತುಸಂಗ್ರಹಾಲಯಗಳವರೂ ಜವಳಿಯನ್ನು ಕೊಳವೆಗೆ ಸುತ್ತಿಯೇ ಇಡುತ್ತಾರಾದರೂ, ಅವರು ಆಮ್ಲರಹಿತ ಕೊಳವೆಯನ್ನು ಬಳಸುತ್ತಾರೆ, ಇಲ್ಲವೇ ಸಾಮಾನ್ಯ ಕೊಳವೆಗೆ ಆಮ್ಲ ದಾಟಿಬರದಂಥ ಒಂದು ಹೊದಿಕೆ ಹಾಕುತ್ತಾರೆ. ಆಮ್ಲರಹಿತ ಕೊಳವೆಯನ್ನು ತರಿಸುವ ಬಜೆಟ್ಟು ನನ್ನದಲ್ಲ. ಹೊದಿಕೆಯ ಉಪಾಯ ಮಾತ್ರ ಅಡುಗೆಮನೆಯಲ್ಲಿಯೇ ಇತ್ತು.

ನಾನು ಮಾಡುವ ಕ್ರಮ ಹೀಗಿದೆ. ಮೇ ತಿಂಗಳ ಬಿಸಿಲಿನಲ್ಲಿ, ಜೂನಿನ ಮೊದಲ ಮಳೆಗೆ ಸಾಕಷ್ಟು ಮುಂಚೆ, ಬರಿಯ ಕೊಳವೆಗಳನ್ನು ಬಾಲ್ಕನಿಯಲ್ಲಿ ಒರಗಿಸಿ, ಬಡಿದರೆ ಟಣಟಣ ಎನ್ನುವಷ್ಟು ಒಣಗಿಸುತ್ತೇನೆ. ತೇವವಿರುವ ಕೊಳವೆಯ ಸದ್ದು ಮಂದವಾಗಿರುತ್ತದೆ. ಒಣಗಿದ ಕೊಳವೆಗೆ ಅಲ್ಯೂಮಿನಿಯಂ ಫಾಯಿಲನ್ನು ಒಂದು ಸುತ್ತು ಸುತ್ತಿ, ತುದಿಗಳಲ್ಲಿ ಒಳಕ್ಕೆ ಮಡಚುತ್ತೇನೆ. ರಟ್ಟಿಗೂ ಬಟ್ಟೆಗೂ ನಡುವಿನ ಗೋಡೆ ಇದೇ. ಫಾಯಿಲಿನ ಮೇಲೆ, ಬಿಸಿನೀರಿನಲ್ಲಿ ತೊಳೆದು ಗಂಜಿಯೆಲ್ಲ ಹೋಗಿರುವ ಮಲ್‌ಮಲ್ ಬಟ್ಟೆ ಅಥವಾ ಹಳೆಯ ಪಂಚೆ. ಹೊಸ ಬಟ್ಟೆಯನ್ನು ತೊಳೆಯದೆ ಸುತ್ತಿದರೆ ಅದರ ಗಂಜಿಯೇ ಹುಳುವನ್ನು ಕರೆಯುತ್ತದೆ. ಎರಡು ತುದಿಗಳಿಗೂ ಬಟ್ಟೆಯ ಉಂಡೆ ತುರುಕಿ ಮುಚ್ಚಿಬಿಟ್ಟರೆ ಜಿರಳೆಯ ಸಂಚಾರ ನಿಲ್ಲುತ್ತದೆ. ನುಸಿಗುಳಿಗೆ ಹಾಕುವವರು ಅದು ಜರಿಗೆ ತಾಗದಂತೆ ಬೇರೆ ಪೊಟ್ಟಣದಲ್ಲಿಡಬೇಕು. ನಾನು ಒಣಗಿದ ಬೇವಿನ ಎಲೆಯಲ್ಲಿಯೇ ಸಮಾಧಾನ ಪಡುತ್ತೇನೆ.

ಸುತ್ತುವಾಗ ಸೀರೆಯ ಮುಂಭಾಗ ಹೊರಮುಖವಾಗಿರಬೇಕು, ಏಕೆಂದರೆ ಒಳಮುಖವಾದ ಕಸೂತಿ ಮತ್ತು ಜರಿ ಹಿಂಡಿದಂತಾಗಿ ನಲುಗುತ್ತವೆ. ಇಳಕಲ್ ಸೀರೆಯನ್ನು ನಾನು ಸೆರಗಿಲ್ಲದ ತುದಿಯಿಂದ ಆರಂಭಿಸುತ್ತೇನೆ. ಅದರ ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಕುಣಿಕೆ ಹಾಕಿ ಜೋಡಿಸುವ ತೋಪ್ ತೆನಿಯ ಜಾಗವೇ ಆ ಸೀರೆಯ ಮರ್ಮಸ್ಥಾನ; ಕೊನೆಯಲ್ಲಿ ಸುತ್ತಿದರೆ ಆ ಜೋಡಣೆ ಅತ್ಯಂತ ಸಡಿಲವಾದ ಹೊರಸುತ್ತಿನಲ್ಲಿ ಬಂದು ಕೂರುತ್ತದೆ. ಕಲ್ಲು, ಮಣಿ ಹೊಲಿದ ಸೀರೆಗಳಿಗೆ ಕೊಳವೆ ಸಲ್ಲದು. ಅವು ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಅಂಗಾತ ಮಲಗಿರುವುದೇ ಕ್ಷೇಮ.

ಜಾಗದ ಪ್ರಶ್ನೆಯಲ್ಲಿ ಜಿಪ್ ಕವರು ನಿಸ್ಸಂಶಯವಾಗಿ ಗೆಲ್ಲುತ್ತದೆ. ನಾಲ್ಕಡಿಯ ಕೊಳವೆ ಯಾವ ಕಪಾಟಿನ ಅರೆಯಲ್ಲಿಯೂ ಹಿಡಿಯುವುದಿಲ್ಲ. ನಿಲ್ಲಿಸಿಟ್ಟರೆ ಬಟ್ಟೆ ಕೆಳಕ್ಕೆ ಜಾರಿ ಅಂಚು ಮುದುಡುತ್ತದೆ. ಹೊರಗೋಡೆಗೆ ತಗುಲಿದ ಲಾಫ್ಟಿನಲ್ಲಿ ತೇವ ಇಳಿಯುವ ಕಾರಣ ಅದೂ ಬೇಡವೆನಿಸಿ, ಒಳಗೋಡೆಗೆ ಪರದೆಯ ಬ್ರಾಕೆಟ್ಟುಗಳನ್ನು ಹೊಡೆಸಿ, ಕೊಳವೆಗಳ ಒಳಗೆ ಪರದೆಯ ಕಂಬಿಯನ್ನೇ ತೂರಿಸಿ ಅಡ್ಡಲಾಗಿ ಕೂರಿಸಿದ್ದೇವೆ. ಕಂಬಿ ಹೊರಬರುವ ಜಾಗದಲ್ಲಿ ಬಟ್ಟೆಯ ಉಂಡೆ ಅದರ ಸುತ್ತ ಬಿಗಿಯಾಗಿ ಕೂತಿರಬೇಕು. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಕೊರೆಯಲು ಮಾಲೀಕರು ಒಪ್ಪದಿದ್ದರೆ ಮಂಚದ ಕೆಳಗಿನ ಜಾಗ ಸಾಕು, ಆದರೆ ನೆಲಕ್ಕೆ ತಾಗದಂತೆ.

ಉಳಿದ ಕೊಳವೆಗಳ ಮಾತು ಚಿಕ್ಕದು. ನಮ್ಮಂಥ ಮನೆಗಳಲ್ಲಿ ಟಾಯ್ಲೆಟ್ ಪೇಪರಿನ ಬಳಕೆಯೇ ಅಪರೂಪವಾದ್ದರಿಂದ, ಕೈಗೆ ಸಿಗುವ ತೆಳು ಕೊಳವೆ ಎಂದರೆ ಅಡುಗೆಮನೆಯ ಟಿಶ್ಯೂವಿನದು. ಚಾರ್ಜರ್ ವೈರುಗಳನ್ನು ಅದರೊಳಗೆ ತುರುಕುವ ಉಪಾಯವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಅನುಭವದಲ್ಲಿ, ದಿನವೂ ಬೇಕಾಗುವ ವೈರಿಗೆ ಅಂಗಡಿಯ ವೆಲ್‌ಕ್ರೋ ಪಟ್ಟಿಯೇ ಲೇಸು, ಏಕೆಂದರೆ ಟಿಶ್ಯೂ ಕೊಳವೆ ನಾಲ್ಕು ಸಲ ತೆಗೆದುಹಾಕುವುದರೊಳಗೆ ಚಪ್ಪಟೆಯಾಗುತ್ತದೆ. ಗಣಪತಿಗೂ ದೀಪಾವಳಿಗೂ ಮಾತ್ರ ಹೊರಬರುವ ಸೀರಿಯಲ್ ಲೈಟಿನ ಸರಕ್ಕೆ ಗಟ್ಟಿಯಾದ ಫಾಯಿಲ್ ಕೊಳವೆ ಹೇಳಿ ಮಾಡಿಸಿದ್ದು: ಎರಡು ತುದಿಗಳಲ್ಲಿಯೂ ಕತ್ತರಿಯಿಂದ ಒಂದೊಂದು ಸೀಳು ಮಾಡಿ, ಪ್ಲಗ್ಗಿನ ಕಡೆಯ ವೈರನ್ನು ಒಂದರಲ್ಲಿ ಸಿಕ್ಕಿಸಿ, ಓರೆಯಾಗಿ ಸುತ್ತಿ, ಕೊನೆಯನ್ನು ಇನ್ನೊಂದರಲ್ಲಿ ಸಿಕ್ಕಿಸಿದರೆ ಮುಂದಿನ ವರ್ಷ ಗಂಟು ಬಿಡಿಸುತ್ತ ಕೂರುವ ಕೆಲಸವಿಲ್ಲ.

ಬೀನ್ಸ್ ಬೀಜ ಮೊಳೆಸುವುದಕ್ಕೆ ಟಿಶ್ಯೂ ಕೊಳವೆಯ ತುಂಡುಗಳು, ಸಸಿ ಬೆಳೆಸುವ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಾದ ಪ್ರೋಟ್ರೇಗಿಂತ ಮೇಲು, ಏಕೆಂದರೆ ಬೇರು ಕದಲಿಸಿದರೆ ಮುನಿಸಿಕೊಳ್ಳುವ ಈ ಗಿಡವನ್ನು ಕೊಳವೆಯ ಸಮೇತ ಕುಂಡಕ್ಕೆ ಇಳಿಸಬಹುದು. ಇಳಿಸುವಾಗ ಕೊಳವೆಯ ಮೇಲಂಚು ಮಣ್ಣಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಆ ಅಂಚು ಬತ್ತಿಯಾಗಿ ಕೆಳಗಿನ ನೀರನ್ನು ಮೇಲಕ್ಕೆಳೆದು ಗಾಳಿಗೆ ಬಿಡುತ್ತದೆ ಮತ್ತು ಸಸಿ ಒಣಗುತ್ತದೆ. ಟೊಮೇಟೊ, ಮೆಣಸಿನಕಾಯಿಗೆ ಇಷ್ಟೆಲ್ಲ ಉಪಚಾರ ಬೇಡ, ಪ್ರೋಟ್ರೇ ಸಾಕು.

ಮಗನ ಪಾಲಿಗೆ ಬಂದ ಕೊಳವೆಗಳು ಉದ್ದಕ್ಕೆ ಎರಡು ಹೋಳಾಗಿ, ಬೆನ್ನಿಗೆ ಅಯಸ್ಕಾಂತದ ತುಂಡು ಅಂಟಿಸಿಕೊಂಡು, ಉಕ್ಕಿನ ಕಪಾಟಿನ ಮೈಮೇಲೆ ಗೋಲಿ ಉರುಳುವ ದಾರಿಯಾಗಿವೆ. ಅಂಗಡಿಯಲ್ಲಿ ಸಿಗುವ ಇಂಥದೇ ಪ್ಲಾಸ್ಟಿಕ್ ಆಟಿಕೆಯಲ್ಲಿ ದಾರಿಯ ಓಟ ಬಹುಮಟ್ಟಿಗೆ ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಒಂದು ಹೋಳನ್ನು ಬೆರಳಗಲ ಕೆಳಕ್ಕೆ ಸರಿಸಿದರೆ ಗೋಲಿಯ ನೆಗೆತವೇ ಬದಲಾಗುತ್ತದೆ. ಸದ್ದು ಮಾತ್ರ ಕೆಳಗಿನ ಮನೆಯ ಕಾಕೂವರೆಗೂ ಹೋಗುತ್ತದೆ.

ಕಚೇರಿಗೆ ದಿನವೂ ಸೀರೆ ಉಡುವವರಿಗೆ ನಾನು ಕೊಳವೆಯನ್ನು ಹೇಳಲಾರೆ. ಬಿಚ್ಚುವುದಕ್ಕೂ ಮತ್ತೆ ಸುತ್ತುವುದಕ್ಕೂ ಮಂಚದಷ್ಟು ಜಾಗವೂ ಇನ್ನೊಬ್ಬರ ಕೈಯೂ ಬೇಕು, ಮತ್ತು ಬೆಳಗಿನ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಅದು ಆಗದ ಮಾತು. ಅಂಥವರು ತೊಳೆದ ಹತ್ತಿಯ ಚೀಲದಲ್ಲಿ ಸೀರೆಯನ್ನಿಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸಿದರೆ ಸಾಕು. ವರಮಹಾಲಕ್ಷ್ಮಿ, ಗೌರಿ, ದೀಪಾವಳಿ ಮತ್ತು ಊರಿನ ಮದುವೆಗಳಿಗಷ್ಟೇ ರೇಷ್ಮೆ ಉಡುವ ನನ್ನಂಥವರಿಗೆ, ಮಲ್‌ಮಲ್ಲಿನ ಖರ್ಚನ್ನು ಸೇರಿಸಿದರೂ ಒಂದು ಕೊಳವೆ 150 ರೂಪಾಯಿಯೊಳಗೆ ಮುಗಿಯುತ್ತದೆ. ಕೊಳವೆ ಕೇಳುವುದಕ್ಕೆ ದೀಪಾವಳಿಗೆ ಮುಂಚಿನ ವಾರಗಳು ಅನುಕೂಲ. ಪರದೆ ಬದಲಾಯಿಸುವ ಮನೆಗಳೆಲ್ಲ ಆಗಲೇ ಬಟ್ಟೆ ಕೊಳ್ಳುವುದರಿಂದ ಅಂಗಡಿಯವರ ಬಳಿ ಖಾಲಿ ಕೊಳವೆಗಳು ರಾಶಿ ಬಿದ್ದಿರುತ್ತವೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಹೋಗಿ, ತುದಿ ನಜ್ಜುಗುಜ್ಜಾಗಿರದ, ಬಡಿದರೆ ಟಣ್ ಎನ್ನುವ ಕೊಳವೆಯನ್ನೇ ಆರಿಸಿಕೊಳ್ಳಬೇಕು.